ಹನಿ ಬೀಳುವ ಕಡೆಯೇ ತೂತು ಇರಲ್ಲ

ದಾವಣಗೆರೆಯ ಪಿ.ಬಿ. ರಸ್ತೆ ಹತ್ತಿರ ನನ್ನ ಬೈಕ್ ಗ್ಯಾರೇಜ್. ಹೋದ ಮಳೆಗಾಲದಲ್ಲಿ ಜಗಳೂರು ಕಡೆಯ ರೈತರೊಬ್ಬರು ಹಳೇ ಸ್ಪ್ಲೆಂಡರ್ ತಂದರು. ಸೈಡ್ ಸ್ಟ್ಯಾಂಡ್ ಹಾಕಿದರೆ ಪೆಟ್ರೋಲ್ ಕಾಕ್ (ಟ್ಯಾಂಕಿನ ಅಡಿಯಲ್ಲಿ ಪೆಟ್ರೋಲ್ ಬಿಡುವ, ನಿಲ್ಲಿಸುವ ನಲ್ಲಿ) ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. ಅದರ ಒ-ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆ, ಬದಲಿಸಿದೆ. ನಾಲ್ಕೇ ದಿನಕ್ಕೆ ವಾಪಸ್ ಬಂದರು. ಹೊಸ ಕಾಕ್, ಪೈಪ್, ಕ್ಲಿಪ್ ಎಲ್ಲಾ ಹಾಕಿದೆ. ಮತ್ತೆ ಬಂದರು.

"ತಮ್ಮಾ, ರಾತ್ರಿ ಗಾಡಿ ಒಳಗ ನಿಲ್ಸಾಕ ಹೆದ್ರಿಕಿ ಆಗತೈತಿ. ಪಕ್ಕದಾಗೇ ಒಲಿ ಐತಿ" ಅಂದರು. ಎರಡು ಸಲವೂ ನಾನು ಸರಿಯಾಗಿ ನೋಡದೆ ಸಾಮಾನು ಬದಲಿಸಿದ್ದೆ. ತುಂಬಾ ಬೇಜಾರಾಯಿತು.

ಈ ಸಲ ಸೀಟ್ ತೆಗೆದೆ. ಟ್ಯಾಂಕಿನ ಅಡಿಯೆಲ್ಲಾ ಒಣಬಟ್ಟೆಯಲ್ಲಿ ಒರೆಸಿ, ಜೋಡಣೆ ಅಂಚಿನ ಉದ್ದಕ್ಕೂ ಪೌಡರ್ ಉದುರಿಸಿ, ಸೈಡ್ ಸ್ಟ್ಯಾಂಡಲ್ಲೇ ಬಿಟ್ಟೆ. ಹತ್ತು ನಿಮಿಷಕ್ಕೆ ಬಿಳಿ ಪೌಡರ್ ಮೇಲೆ ದಾರದಷ್ಟು ಸಣ್ಣ ಒದ್ದೆ ಗೆರೆ ಮೂಡಿತು. ಅದು ಹಿಂದಿನಿಂದ ಬಂದು ಕಾಕ್ ಹತ್ತಿರ ಇಳಿಯುತ್ತಿತ್ತು. ಟ್ಯಾಂಕ್ ಅಲುಗಾಡಬಾರದು ಅಂತ ಯಾರೋ ಅದರ ಹಿಂಭಾಗದ ಅಡಿಗೆ ಬಟ್ಟೆ ತುರುಕಿದ್ದರು. ಅದು ಮಳೆನೀರು ಹೀರಿಕೊಂಡು ತಗಡನ್ನೇ ತಿಂದಿತ್ತು. ತುಕ್ಕು ಕೆರೆದರೆ ಸೂಜಿ ಮೊನೆಯಷ್ಟು ತೂತು.

ಅಂಥ ತೂತಿಗೆ ಒಣ ಸೋಪು ಉಜ್ಜಿದರೆ ಊರು ಸೇರುವ ತನಕ ತಡೆಯುತ್ತೆ, ಅಷ್ಟೇ. ಬೆಸುಗೆಯೇ ಬೇಕು. ನಮ್ಮ ಹುಡುಗ "ಪೆಟ್ರೋಲ್ ಖಾಲಿ ಮಾಡಿದೀನಿ ಅಣ್ಣ, ವೆಲ್ಡಿಂಗ್‌ಗೆ ಕೊಡ್ಲಾ?" ಅಂದ. ತಕ್ಷಣ ತಡೆದೆ. ಖಾಲಿ ಟ್ಯಾಂಕೇ ಜಾಸ್ತಿ ಅಪಾಯ ಅಲ್ವಾ! ಒಳಗೆ ಪೆಟ್ರೋಲ್ ಆವಿ ಗಾಳಿ ಜೊತೆ ಸೇರಿ ಕೂತಿರುತ್ತೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಬೆಂಕಿ ಹತ್ತುವಷ್ಟು ಆವಿ ಬಿಡುತ್ತೆ. ನಮ್ಮೂರ ಬಿಸಿಲಲ್ಲಿ ಕೇಳಬೇಕಾ? ಆ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತೆ. ಒಲೆ ಬಗ್ಗೆ ಅವರಿಗಿದ್ದ ಭಯ ಸುಮ್ನೆ ಅಲ್ಲ. ಸೋಪುನೀರಲ್ಲಿ ಹಲವು ಸಲ ತೊಳೆಸಿ, ಟ್ಯಾಂಕ್ ಕೆಲಸವನ್ನೇ ಮಾಡುವ ಅನುಭವಸ್ಥರ ಹತ್ತಿರ ಕೊಟ್ಟೆ. ಅವರು ಮುಚ್ಚಳ ತೆರೆದು, ತೂತಿನ ಹತ್ತಿರದವರೆಗೂ ನೀರು ತುಂಬಿಯೇ ಬೆಸುಗೆ ಹಾಕಿದರು.

ಈಗ ಸೋರುವ ಗಾಡಿ ಬಂದರೆ ಮೊದಲು ಕಾಕ್ ಬಂದ್ ಮಾಡಿ ಕಾಯುತ್ತೇನೆ. ಸೋರುವುದು ನಿಂತರೆ ಕಾರ್ಬುರೇಟರ್ ಅಥವಾ ಪೈಪ್ ಕಡೆಯ ಸಮಸ್ಯೆ. ನಿಲ್ಲದಿದ್ದರೆ ಕಾಕ್ ಅಥವಾ ಟ್ಯಾಂಕ್. ಆಮೇಲೆ ಪೌಡರ್. ಅಲ್ಲಿವರೆಗೂ ಸ್ಪ್ಯಾನರ್ ಮುಟ್ಟಲ್ಲ.

ಬಟ್ಟೆ ಬಿಸಾಕಿ ಹೊಸ ರಬ್ಬರ್ ಬುಷ್ ಹಾಕಿದೆ. ಮೊದಲೆರಡು ಸಲ ತಗೊಂಡಿದ್ದ ಕೂಲಿ ವಾಪಸ್ ಕೊಟ್ಟೆ. ಬೇಡ ಬೇಡ ಅಂದರು, ಜೇಬಿಗೆ ಇಟ್ಟು ಕಳಿಸಿದೆ.