ಪಿಯೆಂಜಾದ ಅಡುಗೆಮನೆಯಲ್ಲಿ ಹೊಸೆದ ಪೀಚಿ

ಕಳೆದ ಮೇ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಇಟಲಿಯ ಟಸ್ಕನಿ ಪ್ರಾಂತದ ವಾಲ್ ದೋರ್ಚಾ ಕಣಿವೆಯಲ್ಲಿ ಎಂಟು ದಿನ ತಂಗಿದ್ದೆವು. ಮೊಂತೆಪುಲ್ಚಾನೊದ ಏರುಬೀದಿಗಳನ್ನೂ, ಊರ ನಡುವಿನ ಚೌಕದ ಜಾಗದಲ್ಲಿ ಬಿಸಿನೀರಿನ ಕೊಳವೇ ಇರುವ ಬಾನ್ಯೊ ವಿನ್ಯೋನಿಯನ್ನೂ ಕಂಡೆವು. ಆದರೆ ಬರೆಯಲೇಬೇಕೆನಿಸಿದ್ದು ಪಿಯೆಂಜಾದ ಹೊರಗಿನ ಒಂದು ಹೊಲಮನೆಯ ಅಡುಗೆಕೋಣೆಯ ಬಗ್ಗೆ.

ಅದಕ್ಕೆ ಮೊದಲು ಒಂದು ಎಚ್ಚರಿಕೆ. ಬಾಡಿಗೆ ಕಾರಿನಲ್ಲಿ ಹೋಗುವವರು ಹಳೆಯ ಊರುಗಳ ಬಾಗಿಲಲ್ಲಿರುವ ಕೆಂಪು ವೃತ್ತದ ಫಲಕವನ್ನು ತಪ್ಪದೆ ನೋಡಬೇಕು. ಅದರಾಚೆ ಅನುಮತಿಯಿಲ್ಲದ ವಾಹನಗಳಿಗೆ ಪ್ರವೇಶವಿಲ್ಲ, ಕ್ಯಾಮೆರಾ ಎಲ್ಲವನ್ನೂ ದಾಖಲಿಸುತ್ತದೆ. ಸಿಯೆನಾದಲ್ಲಿ ಒಂದೇ ತಿರುವು ತಪ್ಪಿದ್ದಕ್ಕೆ ನಾಲ್ಕು ತಿಂಗಳ ನಂತರ ದಂಡದ ಪತ್ರ ಧಾರವಾಡದ ಮನೆಗೇ ಬಂದಿತು. ಅದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಪಿಯೆಂಜಾದ ಹಳೆಯ ಹೆಸರು ಕೊರ್ಸಿನ್ಯಾನೊ. 1405ರಲ್ಲಿ ಇಲ್ಲಿ ಹುಟ್ಟಿ ಮುಂದೆ ಪೋಪ್ ಆದ ಎರಡನೆಯ ಪಿಯುಸ್, 1459ರಿಂದ ವಾಸ್ತುಶಿಲ್ಪಿ ಬೆರ್ನಾರ್ದೊ ರೊಸ್ಸೆಲ್ಲಿನೊನಿಂದ ಹುಟ್ಟೂರನ್ನು ಹೊಸದಾಗಿ ಕಟ್ಟಿಸಿ ಅದಕ್ಕೆ ತನ್ನ ಹೆಸರನ್ನೇ ಇಟ್ಟನು. ಚೌಕ ನಿಜಕ್ಕೂ ಚೆಲುವಾಗಿದೆ. ಅಲ್ಲಿ ಪ್ರವಾಸಿಗರಿಗೆಂದೇ ಅವಸರದಲ್ಲಿ ಬಡಿಸಿದ ಊಟ ಮಾತ್ರ ನನಗೆ ಹಿಡಿಸಲಿಲ್ಲ.

ನಮ್ಮ ಹೊಲಮನೆಯ ಒಡತಿಗೆ ಎಂಬತ್ತು ದಾಟಿತ್ತು. ಒಂದು ಮಧ್ಯಾಹ್ನ ಅವರು ಗೋಧಿಹಿಟ್ಟಿಗೆ ನೀರು, ತುಸು ಆಲಿವ್ ಎಣ್ಣೆ ಸೇರಿಸಿ ನಾದಿದ ಕಣಕವನ್ನು ಪಟ್ಟಿಗಳಾಗಿ ಕತ್ತರಿಸಿ, ಒಂದೊಂದನ್ನೂ ಹಲಗೆಯ ಮೇಲೆ ಅಂಗೈಯಿಂದ ಹೊಸೆಯುತ್ತ ಮಾರುದ್ದದ ಎಳೆ ಮಾಡುತ್ತಿದ್ದರು. ಇದೇ ಈ ಸೀಮೆಯ ಪೀಚಿ. ಬೇಸಿಗೆಯಲ್ಲಿ ಶಾವಿಗೆ ಮಣೆಯ ಮುಂದೆ ಕೂತು ಎಳೆ ತೆಗೆದು ಕೋಲಿನ ಮೇಲೆ ಒಣಹಾಕುತ್ತಿದ್ದ ನಮ್ಮ ಅವ್ವನ ಕೈಗಳೇ ಕಣ್ಣೆದುರು ಬಂದವು.

ಇದಕ್ಕೆ ಮೊಟ್ಟೆ ಏಕೆ ಹಾಕುವುದಿಲ್ಲವೆಂದು ಕೇಳಿದೆ. ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸಿ ಹೇಳಿದ ಉತ್ತರ ಹೀಗಿತ್ತು: “ಮೊಟ್ಟೆಯನ್ನು ಮಾರುತ್ತಿದ್ದೆವು, ಒಡೆಯನಿಗೂ ಒಯ್ದು ಕೊಡಬೇಕಿತ್ತು. ನಮಗೆ ಉಳಿಯುತ್ತಿದ್ದುದು ಹಿಟ್ಟು ಮತ್ತು ನೀರು.” ಅವರ ತಂದೆ ಮೆದ್ಜಾದ್ರಿಯಾ ಪದ್ಧತಿಯಲ್ಲಿ, ಅಂದರೆ ನಮ್ಮಲ್ಲಿ ಪಾಲಿಗೆ ಮಾಡುವಂತೆ, ಅರ್ಧ ಬೆಳೆಯನ್ನು ಒಡೆಯನಿಗೆ ಅಳೆದು ಕೊಟ್ಟು ಹೊಲ ಉಳುತ್ತಿದ್ದರು. 1964ರ ಕಾನೂನು ಅಂಥ ಹೊಸ ಕರಾರುಗಳನ್ನು ನಿಷೇಧಿಸಿತು. ಆ ಕಾಲದಲ್ಲಿ ಅನೇಕರು ಊರು ಬಿಟ್ಟರು. ಪಾಳುಬಿದ್ದ ಹೊಲಗಳಿಗೆ ಸಾರ್ಡೀನಿಯಾ ದ್ವೀಪದ ಕುರುಬರು ಕುರಿಹಿಂಡುಗಳೊಂದಿಗೆ ಬಂದು ನೆಲೆಸಿದರು.

ಆ ಕುರಿಹಾಲಿನ ಪೆಕೊರಿನೊ ಚೀಸನ್ನು ಅಂದು ಟಸ್ಕನಿಯ ಉಪ್ಪಿಲ್ಲದ ಬ್ರೆಡ್ಡಿನೊಂದಿಗೆ ಕೊಟ್ಟರು. ಮೊದಲ ದಿನ ಸಪ್ಪೆಯೆಂದು ನಾನು ಪಕ್ಕಕ್ಕೆ ಸರಿಸಿದ್ದ ಬ್ರೆಡ್ಡು ಆ ಉಪ್ಪುಚೀಸಿನ ಜೊತೆಗೆ ಎಷ್ಟು ಹಿತವಾಗಿತ್ತೆಂದರೆ, ಊರಿಗೆ ಮರಳಿದ ಮೇಲೂ ಅದನ್ನು ಹುಡುಕುತ್ತಿದ್ದೇನೆ. ಶುದ್ಧ ಸಸ್ಯಾಹಾರಿಗಳು ಮಾತ್ರ ಕೇಳಿ ಕೊಳ್ಳಬೇಕು: ಹೆಚ್ಚಿನ ಪೆಕೊರಿನೊಗಳಲ್ಲಿ ಹಾಲು ಒಡೆಯಲು ಕರು ಇಲ್ಲವೆ ಕುರಿಮರಿಯ ಜಠರದಿಂದ ತೆಗೆದ ಹೆಪ್ಪನ್ನು ಬಳಸುತ್ತಾರೆ, ಕೆಲವರಷ್ಟೇ ಮುಳ್ಳುಗಿಡವೊಂದರ ಹೂವಿನ ರಸದಿಂದ ಹೆಪ್ಪು ಹಾಕುತ್ತಾರೆ.

ರಾತ್ರಿ ಟೊಮೆಟೊ ಮತ್ತು ಅಲ್ಯೋನೆ ಎಂಬ ದಪ್ಪ, ಮೃದು ಘಾಟಿನ ಬೆಳ್ಳುಳ್ಳಿಯ ಸಾರಿನಲ್ಲಿ ಪೀಚಿ ಉಂಡೆವು. ನಮ್ಮ ಶಾವಿಗೆಯನ್ನು ಹಾಲು, ಬೆಲ್ಲ, ತುಪ್ಪ ಹಾಕಿ ಉಣ್ಣುತ್ತೇವೆಂದಾಗ ಆ ಅಜ್ಜಿ “ಸಿಹಿಯೇ?” ಎಂದು ಮೊಮ್ಮಗಳನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಮರುದಿನ ಬೆಳಿಗ್ಗೆ ಒಂದು ಹಿಡಿ ಪೀಚಿಯನ್ನು ಹಾಲಿನಲ್ಲಿ ಬೇಯಿಸಿ, ಜೇನು ಹಾಕಿ, ನಮ್ಮ ಮುಂದಿಟ್ಟು ಎದುರಿಗೆ ಕೂತರು.