ಅಪ್ಪನ ಅರ್ಥ ಹೇಳುವವರು ಯಾರು? – ಮೂರನೇ ಪ್ರದರ್ಶನದ ನಂತರ

ಮೊನ್ನೆ ಭಾನುವಾರ ಉಡುಪಿಯಲ್ಲಿ ನನ್ನ ಏಕವ್ಯಕ್ತಿ ಪ್ರಯೋಗದ ಮೂರನೇ ಪ್ರದರ್ಶನ ಆಯಿತು. ಸುಮಾರು 40 ಜನ ಇದ್ದರು. ವೇದಿಕೆ ಇಲ್ಲ, ನೆಲಕ್ಕೆ ಚಾಪೆ, ನನ್ನ ಸುತ್ತ ಜನ. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಅದರಲ್ಲಿ ಬೀಡಿ ಎಲೆ, ಹೊಗೆಸೊಪ್ಪು, ನೂಲು, ಕತ್ತರಿ. ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದ ಕಥೆಯನ್ನು ಬೀಡಿ ಕಟ್ಟುತ್ತಲೇ ಹೇಳುತ್ತೇನೆ. ಅಪ್ಪ ಮುಂಬಯಿಯ ಹೋಟೆಲಿನಲ್ಲಿ ಇದ್ದರು. ವರ್ಷಕ್ಕೊಮ್ಮೆ ಬಂದರೆ ಬಂದರು.

ಮಂಗಳೂರಿನ ಮೊದಲ ಪ್ರದರ್ಶನದಲ್ಲಿ ತುಂಬಾ ಜನ ಅತ್ತಿದ್ದರು. ಅವತ್ತು ನನಗೆ ಅದೇ ದೊಡ್ಡ ಮೆಚ್ಚುಗೆ ಅನಿಸಿತ್ತು. ಎರಡನೆಯದು ಮುಗಿದ ಮೇಲೆ ತಾಳಮದ್ದಳೆಯಲ್ಲಿ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುವ ಹಿರಿಯರೊಬ್ಬರು ಹತ್ತಿರ ಕರೆದರು. ಅರ್ಥ ಹೇಳುವುದೆಂದರೆ ಒಂದು ಪಾತ್ರವಾಗಿ ಅದರ ಮಾತು ಆಡುವುದು.

"ಚೆಂದ ಆಗಿದೆ ಮಗಾ. ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡುವುದು, ನಮ್ಮ ಹಾಗೇ. ಆದರೆ ನಮ್ಮಲ್ಲಿ ವಾಲಿ ಕೇಳಿದರೆ ರಾಮ ಉತ್ತರ ಕೊಡಲೇಬೇಕು. ನಿನ್ನ ಎದುರು ಯಾರೂ ಕೂತಿಲ್ಲ. ನಿನ್ನ ಅಪ್ಪನ ಅರ್ಥ ಹೇಳುವವರು ಯಾರು?"

ಎರಡು ವಾರ ಆ ಮಾತು ತಲೆಯಿಂದ ಹೋಗಲಿಲ್ಲ. ಸ್ವಂತ ಕಥೆ ಹೇಳುವಾಗ ಎಲ್ಲ ಪಾತ್ರಗಳ ಬಾಯಿಯೂ ನಮ್ಮ ಕೈಯಲ್ಲೇ ಇರುತ್ತದೆ, ಅಲ್ವಾ? ನಾನು ಅಪ್ಪನಿಗೆ ಕೊಟ್ಟದ್ದು ಮೂರೇ ಮಾತು. ಮೂರೂ ಕೆಟ್ಟವು.

ಹಾಗಾಗಿ ಈ ಸಲ ನಡುವೆ ಕತ್ತರಿ ಕೆಳಗಿಟ್ಟು ಕೇಳಿದೆ: "ಅಪ್ಪನ ಪರವಾಗಿ ಯಾರಾದರೂ ಮಾತಾಡ್ತೀರಾ?"

ಯಾರೂ ಏಳಲಿಲ್ಲ. ಒಂದು ನಿಮಿಷ ಹಾಗೇ ಹೋಯಿತು. ಕೈ ನಡುಗುತ್ತಿತ್ತು. ಆಮೇಲೆ ಗೋಡೆ ಬದಿಯಿಂದ ಒಬ್ಬರು, ಎಪ್ಪತ್ತು ದಾಟಿರಬೇಕು, ಕೂತಲ್ಲಿಂದಲೇ ಶುರು ಮಾಡಿದರು. ಹದಿಮೂರು ವರ್ಷಕ್ಕೇ ಮುಂಬಯಿಯ ಕ್ಯಾಂಟೀನ್ ಸೇರಿದ್ದರಂತೆ. ಹಗಲು ಕಪ್ ತೊಳೆಯುವುದು, ಸಂಜೆ ಕನ್ನಡದ ರಾತ್ರಿ ಶಾಲೆ, ಆಮೇಲೆ ಕ್ಯಾಂಟೀನಿನ ಮೇಜಿನ ಮೇಲೇ ನಿದ್ದೆ. "ಊರಿಗೆ ಬರಬೇಕೆಂದರೆ ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ. ರಜೆ ಸಿಕ್ಕಿದರೆ ದುಡ್ಡಿಲ್ಲ, ದುಡ್ಡು ಇದ್ದರೆ ರಜೆ ಇಲ್ಲ. ಬರಿಗೈಯಲ್ಲಿ ಬರಲಿಕ್ಕೆ ನಾಚಿಕೆ ಆಗ್ತದೆ ಮಗಳೇ." ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಅಪ್ಪ ಹೋಗಿದ್ದು ಅದಕ್ಕೆ ಎಷ್ಟೋ ವರ್ಷ ಮೊದಲು. ಆ ನಾಚಿಕೆಯ ಲೆಕ್ಕ ನನ್ನ ಸ್ಕ್ರಿಪ್ಟಿನಲ್ಲಿ ಎಲ್ಲೂ ಇರಲಿಲ್ಲ.

ನನ್ನ ಮುಂದಿನ ಸಾಲು "ಅವರಿಗೆ ನಾವು ಬೇಡವಾಗಿದ್ದೆವು" ಎಂದಿತ್ತು. ಹೇಳಲಾಗಲಿಲ್ಲ. ಬಿಟ್ಟು ಮುಂದೆ ಹೋದೆ.

ಇನ್ನೊಂದು ವಿಷಯ. ಬೀಡಿ ಕಟ್ಟಿದ ಮನೆಯವರು ಈ ಪ್ರಯೋಗದಲ್ಲಿ ಅಳುವುದು ಕಡಿಮೆ, ಅವರು ಕೈ ನೋಡುತ್ತಾರೆ. ಮುಂದಿನ ಸಾಲಿನಲ್ಲಿದ್ದ ಅಕ್ಕ ಒಬ್ಬರು ನನ್ನ ಎಲೆ ಬಿರಿಯುವುದನ್ನು ನೋಡಿ ನೋಡಿ ಕೊನೆಗೆ ತಡ್ಪೆ ತಮ್ಮ ಕಡೆಗೆ ಎಳೆದುಕೊಂಡರು. ಎಲೆ ಸುರುಳಿ ಮಾಡಿ, ನೂಲು ಸುತ್ತಿ, ಹೆಬ್ಬೆರಳ ಉಗುರಿನಿಂದ ಬಾಯಿ ಮಡಚಿ ಒಂದು ಬೀಡಿ ಇಟ್ಟರು. ಕಣ್ಣು ಅತ್ತ ಇತ್ತ ಹೋಗಲೇ ಇಲ್ಲ. "ಎಲೆ ಒಣಗಿದೆ ಮಾರಾಯ್ತಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡಬೇಕು" ಎಂದರು. ನಾಟಕ ನಿಂತಿತ್ತು, ಆದರೂ ಒಬ್ಬರೂ ಎದ್ದು ಹೋಗಲಿಲ್ಲ. ಅವರು ಬೀಡಿ ಕಟ್ಟುವ ಹೊತ್ತನ್ನು ಇನ್ನು ಮುಂದೆ ಪ್ರಯೋಗದಲ್ಲೇ ಇಟ್ಟುಕೊಳ್ಳುತ್ತೇನೆ, ಯಾರು ಬಂದರೂ ಅವರ ಕೈಗೆ ತಡ್ಪೆ ಕೊಟ್ಟು.

ಅಮ್ಮ ಇನ್ನೂ ನೋಡಿಲ್ಲ. ರಾತ್ರಿ ಫೋನಿನಲ್ಲಿ ಮುಂಬಯಿಯವರ ಮಾತು ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ಕಾಗದದಲ್ಲಿ ಅದೆಲ್ಲ ಬರೆಯುತ್ತಿರಲಿಲ್ಲ" ಎಂದರು. ನಾಲ್ಕನೆಯದಕ್ಕೆ ಬರುತ್ತಾರಂತೆ. ಹಿಂದಿನ ರಾತ್ರಿಯೇ ಎಲೆ ನೆನೆಸಿಡಬೇಕು.