ಗೊಂಬೆ ಸಂಗ್ರಾಹಕರ ಕೂಟಕ್ಕೆ ಹೊರಡುವವರಿಗೆ

ಬೇರೆ ಊರಿನಲ್ಲಿ ನಡೆಯುವ ಆ್ಯಕ್ಷನ್ ಫಿಗರ್ (ಕೈಕಾಲುಗಳ ಕೀಲು ತಿರುಗಿಸಬಹುದಾದ ಪ್ಲಾಸ್ಟಿಕ್ ಗೊಂಬೆ) ಸಂಗ್ರಾಹಕರ ಕೂಟಕ್ಕೆ ಹೊರಟವರು ಮೊದಲು ಕೇಳುವ ಪ್ರಶ್ನೆ, ಎಷ್ಟು ಗೊಂಬೆಗಳನ್ನು ಜೊತೆಗೆ ಒಯ್ಯಬೇಕು ಎಂಬುದು. ಇತ್ತೀಚೆಗೆ ಅಂಥದೊಂದು ವಾರಾಂತ್ಯದ ಕೂಟಕ್ಕೆ ಹೋಗಿಬಂದ ನನ್ನ ಉತ್ತರ ಇಷ್ಟೇ: ನೀವು ಅಂದುಕೊಂಡಿರುವುದಕ್ಕಿಂತ ಕಡಿಮೆ ಒಯ್ಯಿರಿ, ಅದರಲ್ಲೂ ಅಪರಿಚಿತರು ಕೈಗೆತ್ತಿಕೊಂಡು ಕೀಲು ತಿರುಗಿಸಿ ನೋಡಿದರೂ ನಿಮ್ಮ ಎದೆ ಡವಗುಟ್ಟದಂಥವನ್ನು ಮಾತ್ರ ಒಯ್ಯಿರಿ. ಅಂಗಡಿಯಲ್ಲಿ ಮಾರುವಾಗಿನ ರಟ್ಟಿನ ಕಾರ್ಡಿನಿಂದ ಬಿಚ್ಚದ ಬೆಲೆಬಾಳುವ ಗೊಂಬೆಯನ್ನು ಅಕ್ರಿಲಿಕ್ ಪೆಟ್ಟಿಗೆಯಲ್ಲಿಟ್ಟು ತಂದವರ ಮೇಜಿನ ಮುಂದೆ ಜನರು ಒಂದು ಕ್ಷಣ ನಿಂತು, ಮೆಚ್ಚಿಗೆಯ ಮಾತೊಂದನ್ನು ಆಡಿ ಮುಂದೆ ಸಾಗುತ್ತಿದ್ದರು. ಬಣ್ಣ ಸವೆದ ಬಿಡಿ ಗೊಂಬೆಗಳನ್ನು ಹರಡಿಕೊಂಡು ಕುಳಿತವರ ಸುತ್ತ ಮಾತ್ರ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

ಇಂಥ ಕೂಟವನ್ನು ಮಾರಾಟ ಮೇಳದೊಂದಿಗೆ ಬೆರೆಸಿಕೊಳ್ಳಬಾರದು. ಮೇಳದಲ್ಲಿ ಮಳಿಗೆಗಳಿರುತ್ತವೆ, ಚೌಕಾಸಿ ಇರುತ್ತದೆ, ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಒಳನುಗ್ಗುವವರ ಧಾವಂತವಿರುತ್ತದೆ. ಕೂಟದಲ್ಲಿ ಉದ್ದನೆಯ ಕೆಲವು ಮೇಜುಗಳು, ಒಳ್ಳೆಯ ಬೆಳಕು ಮತ್ತು ಒಂದೇ ಹುಚ್ಚಿನ ಒಂದಷ್ಟು ಮಂದಿ ಇದ್ದರೆ ಸಾಕು. ಕೊಳ್ಳುವುದೇ ಉದ್ದೇಶವಾಗಿದ್ದರೆ ಪ್ರಯಾಣದ ಖರ್ಚನ್ನು ಮೇಳಕ್ಕೆ ಉಳಿಸಿಕೊಳ್ಳಿ. ಫೋಟೋಗಳಲ್ಲಿ ಎಷ್ಟು ನೋಡಿದರೂ ತೀರ್ಮಾನಕ್ಕೆ ಬರಲಾಗದ ಸಂಗತಿಗಳನ್ನು, ಎರಡು ಗೊಂಬೆಗಳನ್ನು ಅಕ್ಕಪಕ್ಕ ಹಿಡಿದು ಬಗೆಹರಿಸಿಕೊಳ್ಳಬೇಕು ಎಂಬ ಆಸೆಯಿದ್ದರೆ ಕೂಟಕ್ಕೆ ಬನ್ನಿ.

ಒಯ್ಯುವ ಗೊಂಬೆಗಳು ಒಂದೇ ವಿಷಯಕ್ಕೆ ಸೇರಿದ್ದರೆ ಮಾತು ತಾನಾಗಿ ಬೆಳೆಯುತ್ತದೆ. ನಾನು ಆರಿಸಿಕೊಂಡದ್ದು ಮೂರೂ ಮುಕ್ಕಾಲು ಇಂಚಿನ ಗೊಂಬೆಗಳನ್ನು. 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೊ ಕಂಪನಿಯು ಹೊರತಂದ ಮೊದಲ ಜಿ.ಐ. ಜೋ ಎಂಬ ಸೈನಿಕ ಗೊಂಬೆ ಹೆಚ್ಚುಕಡಿಮೆ ಹನ್ನೆರಡು ಇಂಚು ಎತ್ತರವಿತ್ತು. 1978ರಲ್ಲಿ ಕೆನ್ನರ್ ಕಂಪನಿಯ ಸ್ಟಾರ್ ವಾರ್ಸ್ ಚಲನಚಿತ್ರದ ಗೊಂಬೆಗಳು ಅಂಗೈಯಲ್ಲಿ ಅಡಗುವ ಈ ಸಣ್ಣ ಅಳತೆಯನ್ನು ಜನಪ್ರಿಯಗೊಳಿಸಿದ ಮೇಲೆ, 1982ರಲ್ಲಿ ಜಿ.ಐ. ಜೋ ಕೂಡ ಅದೇ ಅಳತೆಗೆ ಇಳಿಯಿತು. ಆ ವರ್ಷದ ಗೊಂಬೆಗಳ ಮೊಣಕೈ ಮಡಚುತ್ತದೆ, ಆದರೆ ಅದರ ಮೇಲಿನ ತೋಳು ಅಡ್ಡಕ್ಕೆ ತಿರುಗುವುದಿಲ್ಲ. 1983ರಿಂದ ತೋಳಿಗೆ ತಿರುಗುವ ಕೀಲು ಬಂದು, ಗೊಂಬೆ ಎರಡೂ ಕೈಗಳಿಂದ ಬಂದೂಕು ಹಿಡಿಯುವಂತಾಯಿತು. ಈ ಎರಡು ವರ್ಷಗಳ ಒಂದೊಂದು ಗೊಂಬೆಯನ್ನು ಜೋಡಿಯಾಗಿ ಮೇಜಿನ ಮೇಲೆ ನಿಲ್ಲಿಸಿದ್ದಷ್ಟೇ ನನ್ನ ಸಿದ್ಧತೆ. ಕೀಲು ಹೆಚ್ಚಿದಷ್ಟೂ ಗೊಂಬೆಯ ಮೈಕಟ್ಟು ಕೆಡುತ್ತದೆಯೇ ಎಂಬ ಚರ್ಚೆ ಅಲ್ಲಿಂದ ಆರಂಭವಾಗಿ ಊಟದ ಹೊತ್ತಿನವರೆಗೂ ನಿಲ್ಲಲಿಲ್ಲ. ಕೆಡುತ್ತದೆ ಎಂಬುದೇ ನನ್ನ ಪಕ್ಷ. ಆದರೆ ಎದುರು ಪಕ್ಷದವರ ಕೈಯಲ್ಲಿ ಒಳ್ಳೊಳ್ಳೆಯ ಉದಾಹರಣೆಗಳಿದ್ದವು.

ಪ್ರತಿ ಗೊಂಬೆಯನ್ನೂ ಮೊದಲು ಆಮ್ಲರಹಿತ ಟಿಶ್ಯೂ ಕಾಗದದಲ್ಲಿ ಸುತ್ತಿ, ಅದರ ಮೇಲೆ ಬಬಲ್ ರ‍್ಯಾಪ್ ಸುತ್ತಬೇಕು. ಬಬಲ್ ರ‍್ಯಾಪನ್ನು ನೇರವಾಗಿ ಬಣ್ಣದ ಮೇಲೆ ಸುತ್ತಿದರೆ, ಬಿಸಿಲ ದಿನಗಳಲ್ಲಿ ಅದರ ಗುಳ್ಳೆಗಳ ಗುರುತು ಮೆದು ಪ್ಲಾಸ್ಟಿಕ್ಕಿನ ಮೇಲೆ ಉಳಿದುಬಿಡುವುದುಂಟು. ಕತ್ತಿ, ಬಂದೂಕು, ಬೆನ್ನಚೀಲದಂಥ ಬಿಡಿಭಾಗಗಳನ್ನು ಗೊಂಬೆಯ ಕೈಯಿಂದ ತೆಗೆದು ಸಣ್ಣ ಜಿಪ್ ಚೀಲಗಳಲ್ಲಿ ಬೇರೆ ಇಟ್ಟು, ಯಾವ ಗೊಂಬೆಯದು ಎಂದು ಬರೆದಿಡಿ. ಎಂಬತ್ತರ ದಶಕದ ಜಿ.ಐ. ಜೋ ಗೊಂಬೆಗಳ ಹೆಬ್ಬೆರಳು ಬಹುಬೇಗ ಮುರಿಯುತ್ತದೆ. ಬಂದೂಕನ್ನು ಕೈಯಲ್ಲೇ ಬಿಟ್ಟು ಪೆಟ್ಟಿಗೆಗೆ ತುಂಬಿದರೆ ದಾರಿಯಲ್ಲಿನ ಕುಲುಕಾಟವೇ ಅದಕ್ಕೆ ಸಾಕು. ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಮೆದು ಭಾಗಗಳು ಪಾಲಿಸ್ಟೈರೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಭಾಗಗಳಿಗೆ ತಾಗದಂತೆ ನೋಡಿಕೊಳ್ಳುವುದು ಇನ್ನೂ ಮುಖ್ಯ. ಪಿವಿಸಿಯನ್ನು ಮೆದುವಾಗಿಸಲು ಬೆರೆಸುವ ರಾಸಾಯನಿಕವು ನಿಧಾನವಾಗಿ ಹೊರಬಂದು, ತಾಗಿಕೊಂಡಿರುವ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಆಟಿಕೆ ವಾಹನಗಳ ಮೆದು ಚಕ್ರಗಳು ಪಕ್ಕದ ಪಾರದರ್ಶಕ ಕಿಟಕಿಯ ಮೇಲೆ ಅಚ್ಚೊತ್ತಿದಂತೆ ಗುಂಡಿ ತೋಡಿರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ಯಾಟರಿಯಿಂದ ನಡೆಯುವ ಆಟಿಕೆಯಿದ್ದರೆ ಹೊರಡುವ ಮುನ್ನ ಬ್ಯಾಟರಿಯನ್ನು ತೆಗೆದುಬಿಡಿ. ವಿಮಾನದಲ್ಲಿ ಹೋಗುವವರು ಕ್ಯಾಮೆರಾದ ಹೆಚ್ಚುವರಿ ಲಿಥಿಯಂ ಬ್ಯಾಟರಿಗಳನ್ನು ಮತ್ತು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಅವನ್ನು ಸರಕು ವಿಭಾಗಕ್ಕೆ ಹೋಗುವ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ. ಸ್ಕ್ರೂಡ್ರೈವರ್‌ ಮತ್ತು ಸಣ್ಣ ಚಾಕುಗಳಿಗೆ ಮಾತ್ರ ಸರಕಿನ ಪೆಟ್ಟಿಗೆಯೇ ಸರಿ. ನಿಜವಾದ ಆಯುಧದಂತೆ ಕಾಣುವ ದೊಡ್ಡ ಆಟಿಕೆ ಬಂದೂಕುಗಳನ್ನು ಕೈಚೀಲದಲ್ಲಿ ಒಯ್ಯಲು ಹೋಗಬೇಡಿ. ಬೆರಳುದ್ದದ ಗೊಂಬೆಯ ಬಂದೂಕಿಗೆ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲವಾದರೂ, ತಪಾಸಣೆ ಮಾಡುವವರ ಮಾತೇ ಅಂತಿಮವಾದ್ದರಿಂದ, ಕಳೆದುಕೊಳ್ಳಲು ಮನಸ್ಸಿಲ್ಲದ ಬಿಡಿಭಾಗವನ್ನು ಮನೆಯಲ್ಲೇ ಬಿಡುವುದು ಒಳಿತು. ಗೊಂಬೆಗಳ ಪೆಟ್ಟಿಗೆ ಮಾತ್ರ ನಿಮ್ಮ ಕೈಯಲ್ಲೇ ಇರಲಿ, ಮತ್ತು ಅಂಟುಪಟ್ಟಿ ಸುತ್ತದೆ ಸುಲಭವಾಗಿ ಬಿಚ್ಚಿ ತೋರಿಸುವಂತಿರಲಿ.

ಕಾರಿನಲ್ಲಿ ಹೋಗುವವರಿಗೆ ಇರುವ ಅಪಾಯ ಬಿಸಿಲು. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗಿನ ಶಾಖಕ್ಕೆ ಪಿವಿಸಿ ಮೆತ್ತಗಾಗುತ್ತದೆ. ಒಂಟಿ ಕಾಲಿನ ಮೇಲೆ ನಿಂತ ಭಂಗಿಯ ಗೊಂಬೆಗಳು, ತೆಳ್ಳನೆಯ ಕತ್ತಿಗಳು ಬಾಗುತ್ತವೆ. ಊಟಕ್ಕೆಂದು ಕಾರು ನಿಲ್ಲಿಸಿ ಬಂದಿದ್ದ ಸಂಗ್ರಾಹಕರೊಬ್ಬರು ಪೆಟ್ಟಿಗೆ ತೆರೆದಾಗ ಯೋಧನ ಈಟಿ ಬಿಲ್ಲಿನಂತೆ ಬಾಗಿತ್ತು. ಕೂಟದ ಹಿರಿಯರೊಬ್ಬರು ಒಂದು ಲೋಟ ಬಿಸಿನೀರು ತರಿಸಿ, ಈಟಿಯನ್ನು ಅರೆ ನಿಮಿಷ ಅದರಲ್ಲಿ ಅದ್ದಿ ಹಿಡಿದರು; ಹೊರತೆಗೆದು ಮೇಜಿನಂಚಿಗೆ ಒತ್ತಿ ನೇರ ಮಾಡಿ, ಕೂಡಲೇ ತಣ್ಣೀರಿಗೆ ಇಳಿಸಿದರು. ಈಟಿ ಹಾಗೆಯೇ ನೆಟ್ಟಗೆ ನಿಂತಿತು. ಬಲ ಹಾಕಿ ನೆಟ್ಟಗಾಗಿಸಲು ಹೋಗಿದ್ದರೆ ಬಾಗಿದ ಜಾಗದಲ್ಲಿ ಪ್ಲಾಸ್ಟಿಕ್ ಬಿಳಿಚಿಕೊಂಡು, ಆ ಗುರುತು ಹೋಗುತ್ತಲೇ ಇರಲಿಲ್ಲ.

ಮೇಜಿನ ಬಳಿಯ ನಡವಳಿಕೆಗೆ ಲಿಖಿತ ನಿಯಮಗಳಿಲ್ಲ, ಆದರೂ ಎಲ್ಲರೂ ಪಾಲಿಸುವ ಕೆಲವು ಮರ್ಯಾದೆಗಳಿವೆ. ಕೇಳದೆ ಯಾವುದನ್ನೂ ಮುಟ್ಟಬಾರದು. ಕೈಗೆ ಕೊಟ್ಟ ಗೊಂಬೆಯನ್ನು ಮೇಜಿನ ಮೇಲ್ಮೈಗೆ ಹತ್ತಿರದಲ್ಲೇ ಹಿಡಿದು ನೋಡಬೇಕು. ಕೀಲು ತಿರುಗಿಸುವ ಮುನ್ನ ಅದು ಯಾವ ಕಡೆಗೆ ತಿರುಗುತ್ತದೆ ಎಂದು ಒಡೆಯರನ್ನೇ ಕೇಳಬೇಕು. ವರ್ಷಗಟ್ಟಲೆ ಅಲುಗಾಡದೆ ಬಿಗಿದುಕೊಂಡಿರುವ ಕೀಲನ್ನು ಬಲವಂತವಾಗಿ ತಿರುಗಿಸಿದರೆ ಒಳಗಿನ ಗೂಟವೇ ಮುರಿದುಹೋಗುತ್ತದೆ. ಇನ್ನೊಬ್ಬರ ಗೊಂಬೆಯನ್ನು ನಕಲಿಯೆಂದು ಎಲ್ಲರೆದುರು ಘೋಷಿಸುವುದು ಅತಿ ದೊಡ್ಡ ಒರಟುತನ. ಕೇಳಿದರೆ ಮಾತ್ರ, ಅದೂ ಒಂದು ಬದಿಗೆ ಕರೆದು ಹೇಳಬೇಕು. ಬೆಲೆಯ ವಿಚಾರವನ್ನು ನಾನಾಗಿ ಎತ್ತಲಿಲ್ಲ. ಎತ್ತಿದವರ ಮೇಜುಗಳಲ್ಲಿ ಮಾತು ಬೇಗನೆ ಬತ್ತಿಹೋದದ್ದನ್ನು ಕಂಡೆ.

ನಕಲಿಗಳ ಕುರಿತು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಕೆನ್ನರ್‌ನ 1978ರ ಜಾವಾ ಎಂಬ ಕುಳ್ಳ ಗೊಂಬೆಗೆ ಆರಂಭದಲ್ಲಿ ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆಯ ನಿಲುವಂಗಿ ಇತ್ತು; ಕಂಪನಿಯು ಬೇಗನೆ ಅದನ್ನು ಬಟ್ಟೆಯ ನಿಲುವಂಗಿಗೆ ಬದಲಿಸಿತು. ವಿನೈಲ್ ನಿಲುವಂಗಿಯ ಜಾವಾ ಅಪರೂಪವಾದ್ದರಿಂದ, ಅದೇ ಸಾಲಿನ ಬೆನ್ ಕೆನೋಬಿ ಗೊಂಬೆಯ ದೊಡ್ಡ ನಿಲುವಂಗಿಯನ್ನು ಕತ್ತರಿಸಿ ಜಾವಾಗೆ ತೊಡಿಸಿ ಮಾರುವ ವಂಚನೆ ಹಳೆಯದು. ಇದನ್ನು ಓದಿ ತಿಳಿದಿರುವುದು ಬೇರೆ, ಭೂತಗನ್ನಡಿಯ ಕೆಳಗೆ ನೋಡುವುದು ಬೇರೆ. ಕಾರ್ಖಾನೆಯಲ್ಲಿ ಕತ್ತರಿಸಿದ ಅಂಚು ಒಂದೇ ಸಮನಾಗಿರುತ್ತದೆ. ಕೈಯಿಂದ ಕತ್ತರಿಸಿದ ಅಂಚಿನಲ್ಲಿ ಕತ್ತರಿ ನಿಂತು ಮತ್ತೆ ಹೊರಟ ಕಡೆ ಕೂದಲೆಳೆಯಷ್ಟು ಮೆಟ್ಟಿಲು ಕಾಣುತ್ತದೆ. ಗೊಂಬೆಯ ಕಾಲಿನ ಹಿಂಭಾಗದಲ್ಲಿರುವ ಹಕ್ಕುಸ್ವಾಮ್ಯದ ವರ್ಷ ಮತ್ತು ತಯಾರಿಸಿದ ದೇಶದ ಹೆಸರಿನ ಅಕ್ಷರಗಳನ್ನೂ ಹೀಗೆಯೇ ಓರೆಬೆಳಕಿನಲ್ಲಿ ನೋಡಬೇಕು. ಅಸಲಿ ಗೊಂಬೆಯಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿಯಲ್ಲಿ ಆ ಅಕ್ಷರಗಳ ಅಂಚು ಮೊಂಡಾಗಿರುತ್ತದೆ, ಗೊಂಬೆಯೂ ಎಳ್ಳಷ್ಟು ಕುಗ್ಗಿರುತ್ತದೆ. ಆದ್ದರಿಂದ ಭೂತಗನ್ನಡಿ ಮತ್ತು ಪುಟ್ಟ ಟಾರ್ಚನ್ನು ಮರೆಯದೆ ಒಯ್ಯಿರಿ. ಅವಿಲ್ಲದವರು ಇಡೀ ದಿನ ಇತರರ ಸಲಕರಣೆಗಾಗಿ ಕಾಯಬೇಕಾಗುತ್ತದೆ.

ರಿಪೇರಿಯ ಮೇಜಿನಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದೆ, ನೀವೂ ಕಳೆಯಿರಿ ಎಂದೇ ನನ್ನ ಶಿಫಾರಸು. 1982ರಿಂದ ಬಂದ ಆ ಸಣ್ಣ ಜಿ.ಐ. ಜೋ ಗೊಂಬೆಗಳ ಮುಂಡವನ್ನೂ ಕಾಲುಗಳನ್ನೂ ಒಳಗಿನಿಂದ ಹಿಡಿದಿಡುವುದು ಓ-ರಿಂಗ್ ಎಂಬ ಕಪ್ಪು ರಬ್ಬರ್ ಬಳೆ. ರಬ್ಬರ್ ಒಣಗಿ ತುಂಡಾದೊಡನೆ ಗೊಂಬೆ ಸೊಂಟದಲ್ಲಿ ಎರಡಾಗುತ್ತದೆ. ನೋಡಿದವರು ಗೊಂಬೆ ಮುರಿಯಿತೆಂದೇ ಗಾಬರಿಯಾಗುತ್ತಾರೆ, ಆದರೆ ಏನೂ ಮುರಿದಿರುವುದಿಲ್ಲ. ಬೆನ್ನಿನ ಏಕೈಕ ಸ್ಕ್ರೂ ಬಿಚ್ಚಿದರೆ ಎದೆ ಮತ್ತು ಬೆನ್ನು ಬೇರೆಯಾಗುತ್ತವೆ. ಕಾಲುಗಳ ನಡುವಿನ ಲೋಹದ ಕೊಕ್ಕೆಗೆ ಹೊಸ ಬಳೆಯನ್ನು ಸಿಕ್ಕಿಸಿ, ಸೊಂಟದ ಭಾಗದ ಮೂಲಕ ಮೇಲೆಳೆದು, ಸ್ಕ್ರೂ ಕೂರುವ ಕಂಬಕ್ಕೆ ತೊಡಿಸಿ ಮುಚ್ಚಬೇಕು. ಸ್ಕ್ರೂ ಬಿಗಿಯುವಾಗ ಕೈ ಹಗುರವಾಗಿರಲಿ, ಹಳೆಯ ಪ್ಲಾಸ್ಟಿಕ್ ಸೀಳುತ್ತದೆ. ಸರಿಯಾದ ಅಳತೆಯ ಕೆಲವು ಓ-ರಿಂಗ್‌ಗಳನ್ನು ಹೆಚ್ಚಿಗೆ ಒಯ್ದರೆ ನಿಮಗೆ ಪರಿಚಯದ ಚೀಟಿಯೇ ಬೇಕಾಗುವುದಿಲ್ಲ. ಬೇಕಾದವರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ.

ಅಂಟಂಟಾದ ಗೊಂಬೆಗಳ ಬಗೆಗೂ ಅಲ್ಲಿ ಸಾಕಷ್ಟು ಮಾತಾಯಿತು. ಬಹುಕಾಲ ಗಾಳಿಯಾಡದ ಡಬ್ಬಿಯಲ್ಲಿದ್ದ ಪಿವಿಸಿ ಗೊಂಬೆಯ ಮೈ ಜಿಗುಟಾಗುವುದಕ್ಕೂ, ಆಗಲೇ ಹೇಳಿದ ಮೆದುಗೊಳಿಸುವ ರಾಸಾಯನಿಕ ಮೇಲ್ಮೈಗೆ ಒಸರುವುದೇ ಕಾರಣ. ಉಗುರು ಬೆಚ್ಚಗಿನ ನೀರಿನಲ್ಲಿ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರಾವಣ ಬೆರೆಸಿ ಮೆದು ಬ್ರಷ್‌ನಿಂದ ತೊಳೆದು, ನೆರಳಲ್ಲಿ ಚೆನ್ನಾಗಿ ಒಣಗಿಸಬೇಕು. ಹಳದಿಗೆ ತಿರುಗಿದ ಎಬಿಎಸ್ ಎಂಬ ಗಟ್ಟಿ ಬಿಳಿ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬೆಳಕಿನಿಂದ ಮತ್ತೆ ಬಿಳಿಯಾಗಿಸುವ ವಿಧಾನವನ್ನು ಒಬ್ಬರು ಉತ್ಸಾಹದಿಂದ ವಿವರಿಸಿದರು. ಹಳದಿ ಬಣ್ಣ ಮರಳಿ ಬರುವ ಸಾಧ್ಯತೆ ಇರುವುದರಿಂದಲೂ, ಬಣ್ಣ ಹಚ್ಚಿದ ಭಾಗಗಳಿಗೆ ಅದು ಒಗ್ಗುವುದಿಲ್ಲವಾದ್ದರಿಂದಲೂ, ನಾನಂತೂ ಹಳದಿಯನ್ನೇ ಒಪ್ಪಿಕೊಂಡು ಸುಮ್ಮನಿರುವವನು.

ಸೀಸದ ಆಟಿಕೆ ಸೈನಿಕರನ್ನು ತಂದವರ ಮೇಜು ಒಂದು ಮೂಲೆಯಲ್ಲಿತ್ತು. ಬ್ರಿಟನ್ಸ್ ಎಂಬ ಇಂಗ್ಲೆಂಡಿನ ಆಟಿಕೆ ಕಂಪನಿ 1893ರಲ್ಲಿ ಟೊಳ್ಳು ಎರಕದ ವಿಧಾನ ಕಂಡುಕೊಂಡ ಮೇಲೆ ಇಂಥ ಸೈನಿಕರು ಹಗುರವೂ ಅಗ್ಗವೂ ಆದರು; 54 ಮಿಲಿಮೀಟರ್ ಎತ್ತರದ ಆ ಅಳತೆ ಇಂದಿಗೂ ಬಳಕೆಯಲ್ಲಿದೆ. ಇವನ್ನು ಓಕ್ ಮರದ ಪೆಟ್ಟಿಗೆಯಲ್ಲಿ ಒಯ್ಯಬಾರದು, ಇಡಲೂಬಾರದು. ಮರ ಬಿಡುವ ಆಮ್ಲದ ಆವಿಯಿಂದ ಸೀಸದ ಮೇಲೆ ಬೂದುಬಿಳಿ ಪುಡಿ ಹುಟ್ಟಿ ಲೋಹವನ್ನೇ ತಿನ್ನುತ್ತಾ ಹೋಗುತ್ತದೆ. ಆ ಮೇಜಿನಿಂದ ಎದ್ದವರು ಏನಾದರೂ ತಿನ್ನುವ ಮುನ್ನ ಸಾಬೂನಿನಿಂದ ಕೈ ತೊಳೆಯಲೇಬೇಕು. ಮಕ್ಕಳನ್ನು ಕರೆದೊಯ್ಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಅದಲುಬದಲು ನಡೆಯುವುದು ಬಹುತೇಕ ಕೊನೆಯ ದಿನದ ಮಧ್ಯಾಹ್ನ. ಬದಲಾಯಿಸಲು ಸಿದ್ಧವಿರುವ ಗೊಂಬೆಗಳನ್ನು ಬೇರೆ ಡಬ್ಬಿಯಲ್ಲಿಟ್ಟು, ಅವುಗಳ ಕೊರತೆಗಳನ್ನು ಚೀಟಿಯಲ್ಲಿ ಬರೆದಿಡಿ: ಬಲಗೈ ಹೆಬ್ಬೆರಳು ಇಲ್ಲ, ಬೆನ್ನಚೀಲ ಹೊಸದಾಗಿ ಮಾಡಿದ್ದು, ಎಡಗಾಲಿನ ಬಣ್ಣ ತಿದ್ದಿದ್ದು ಎಂಬಂತೆ. ಹೊಸದಾಗಿ ತಯಾರಿಸಿದ ಬಿಡಿಭಾಗವನ್ನು ಹಾಗೆಂದು ಹೇಳಿಯೇ ಕೊಡಬೇಕು, ಇಲ್ಲದಿದ್ದರೆ ಮುಂದಿನ ಕೂಟದಲ್ಲಿ ನಿಮ್ಮ ಮಾತಿಗೆ ಕಿಮ್ಮತ್ತಿರುವುದಿಲ್ಲ. ತಮ್ಮ ಗೊಂಬೆಗಳ ಚಿತ್ರ ತೆಗೆಯಲು ಬಿಡುವವರು ಬಹಳ ಮಂದಿ ಇದ್ದಾರೆ. ಆದರೆ ಅವರ ಮುಖವೋ ಮನೆಯ ಕಪಾಟಿನ ವಿವರವೋ ಬೇರೆಡೆ ಕಾಣಿಸಿಕೊಳ್ಳುವುದು ಅವರಿಗೆ ಇಷ್ಟವಿರಲಾರದು, ಕೇಳಿಯೇ ಮುಂದುವರಿಯಿರಿ.

ಹಿಂದಿರುಗುವ ವಾಹನದ ಸಮಯಕ್ಕೆ ಒಂದು ಗಂಟೆಯಾದರೂ ಮೊದಲು ಮೇಜು ಖಾಲಿ ಮಾಡಲು ಆರಂಭಿಸಿ. ಹೋಗುವಾಗ ಮನೆಯಲ್ಲಿ ನಿಧಾನವಾಗಿ ಸುತ್ತಿದ ಗೊಂಬೆಗಳನ್ನು ಬರುವಾಗ ಹತ್ತು ಮಂದಿಯ ಮಾತಿನ ನಡುವೆ ಸುತ್ತಬೇಕಾಗುತ್ತದೆ, ಬಿಡಿಭಾಗಗಳು ಕಳೆಯುವುದು ಆಗಲೇ. ಹೊರಡುವಾಗ ಬರೆದಿಟ್ಟ ಪಟ್ಟಿಯನ್ನು ಹಿಡಿದು ಒಂದೊಂದಾಗಿ ಗುರುತು ಹಾಕುತ್ತಾ ಡಬ್ಬಿಗೆ ಇಳಿಸಿ. ಆಮೇಲೆ ಮೇಜಿನ ಬಟ್ಟೆಯನ್ನು ಕೊಡವಿ, ಮೇಜಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಬದಲಾವಣೆಯಲ್ಲಿ ಬಂದ ಗೊಂಬೆಗಳನ್ನು ಮನೆ ತಲುಪಿದ ಮೇಲೆ ತೊಳೆದು ಒಣಗಿಸುವವರೆಗೆ ನಿಮ್ಮ ಉಳಿದ ಸಂಗ್ರಹದ ಜೊತೆ ಇಡಬೇಡಿ.